ತೊಟ್ಟಿಮನೆಯೋ, ಡ್ಯೂಪ್ಲೆಕ್ಸೋ, ಫ್ಲ್ಯಾಟೋ: ನಿಮ್ಮ ಮನೆಮಂದಿಗೆ ಯಾವುದು ಸರಿ?

“ಮೈಸೂರಲ್ಲಿ 30×40 ಸೈಟಿದೆ. ಯಜಮಾನರಿಗೆ ಡ್ಯೂಪ್ಲೆಕ್ಸ್ ಆಗಬೇಕು. ಅತ್ತೆಗೆ ತೊಟ್ಟಿಮನೆಯ ಆಸೆ. ಮೈದುನ, ಎರಡೂ ಸಂಸಾರ ಸೇರಿ ಮಹಡಿ ಮೇಲೆ ಮಹಡಿ ಕಟ್ಟೋಣ ಅಂತಾರೆ. ಮಗ ಸೈಟು ಮಾರಿ ಬೆಂಗಳೂರಲ್ಲಿ ಫ್ಲ್ಯಾಟ್ ತಗೊಳ್ಳೋಣ ಅಂತಾನೆ. ಯಾರ ಮಾತು ಕೇಳಲಿ?”

ಓದುಗರೊಬ್ಬರು ಕೇಳಿದ ಪ್ರಶ್ನೆ ಇದು. ಊರಿನ ಹೆಸರು ಬದಲಿಸಿದರೆ ಸಾಕು, ಹುಬ್ಬಳ್ಳಿಯಲ್ಲೂ ಇದೇ ಗೊಂದಲ, ಶಿವಮೊಗ್ಗದಲ್ಲೂ ಇದೇ ಗೊಂದಲ. ನಾನು ಹುಟ್ಟಿ ಬೆಳೆದದ್ದು ತೀರ್ಥಹಳ್ಳಿ ಕಡೆಯ ಒಂದು ತೊಟ್ಟಿಮನೆಯಲ್ಲಿ, ಅಂದರೆ ನಡುವೆ ಆಕಾಶಕ್ಕೆ ತೆರೆದ ಅಂಗಳವಿರುವ ಮನೆಯಲ್ಲಿ. ಮದುವೆಯಾಗಿ ಬಂದದ್ದು ಮೈಸೂರಿನ ಎರಡು ಮಹಡಿಯ ಮನೆಗೆ. ಈಗ ಎಂಟು ವರ್ಷದಿಂದ ಬೆಂಗಳೂರಿನ ಫ್ಲ್ಯಾಟಿನಲ್ಲಿದ್ದೇವೆ. ಮೂರು ಕಡೆಯೂ ಸುಖ ಕಂಡಿದ್ದೇನೆ, ಒದ್ದಾಟವನ್ನೂ ಕಂಡಿದ್ದೇನೆ. ಆ ಅನುಭವದ ಮೇಲೆ, ಮೇಸ್ತ್ರಿಗಳ ಮತ್ತು ಎಂಜಿನಿಯರುಗಳ ಜೊತೆ ಕೂತು ಕಲಿತದ್ದರ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಮೊದಲು ಮನೆಮಂದಿಯ ದಿನಚರಿ, ಆಮೇಲೆ ಪ್ಲಾನ್

ಪ್ಲಾನ್ ನೋಡುವ ಮುಂಚೆ ಒಂದು ಖಾಲಿ ಹಾಳೆ ತಗೊಳ್ಳಿ. ಎಷ್ಟು ಬೆಡ್‌ರೂಮು, ಎಷ್ಟು ಬಾತ್‌ರೂಮು ಅಂತ ಬರೆಯಬೇಡಿ. ನಿಮ್ಮ ಮನೆಯ ಒಂದು ದಿನವನ್ನು ಬರೆಯಿರಿ. ಬೆಳಿಗ್ಗೆ ಮೊದಲು ಏಳುವವರು ಯಾರು? ಅವರು ಯಾವ ಬಾಗಿಲು ತೆಗೆಯುತ್ತಾರೆ? ರಂಗೋಲಿ ಎಲ್ಲಿ ಹಾಕುತ್ತೀರಿ? ಪಾತ್ರೆ ಎಲ್ಲಿ ತೊಳೆಯುತ್ತೀರಿ, ಬಟ್ಟೆ ಎಲ್ಲಿ ಒಣಗುತ್ತದೆ? ಮಧ್ಯಾಹ್ನ ಅಮ್ಮ ಎಲ್ಲಿ ಕೂರುತ್ತಾರೆ? ಮಗಳು ಎಲ್ಲಿ ಓದುತ್ತಾಳೆ? ಈ ಹಾಳೆ ತುಂಬಿದ ಮೇಲೆ ಪ್ರತಿ ಆಯ್ಕೆಯನ್ನೂ ಆರು ಪ್ರಶ್ನೆಗಳ ಮೇಲೆ ತೂಗಿ ನೋಡಿ.

ಮೊದಲನೆಯದು, ಮನೆಯಲ್ಲಿ ಎಲ್ಲರಿಗಿಂತ ಕೈಲಾಗದವರು ಯಾರು? ಮಂಡಿನೋವಿನ ಅಜ್ಜಿ, ಬಾಣಂತಿ, ಅಂಬೆಗಾಲಿಡುವ ಮಗು. ಅವರು ಯಾರ ಸಹಾಯವೂ ಇಲ್ಲದೆ ಬಚ್ಚಲಿಗೆ ಹೋಗಿ ಬರಬಹುದಾ? ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ದೊಡ್ಡ ಪ್ರಶ್ನೆ.

ಎರಡನೆಯದು, ಮನೆಯ ಅತಿ ಗದ್ದಲದ ದಿನ ಯಾವುದು? ಗೌರಿ ಹಬ್ಬವೋ, ಉರುಸೋ, ಕ್ರಿಸ್‌ಮಸ್ಸೋ, ತಂದೆಯ ತಿಥಿಯೋ. ಆ ದಿನ ಎಷ್ಟು ಜನ ಕೂತು ಊಟ ಮಾಡುತ್ತಾರೆ? ಹೇಳಲು ಕಷ್ಟವಾಗುವ ಇನ್ನೊಂದು ದಿನವೂ ಇದೆ. ಮನೆಯಲ್ಲಿ ಸಾವಾದರೆ ಎಲ್ಲಿ ಮಲಗಿಸುತ್ತೀರಿ, ಬಂದವರು ಎಲ್ಲಿ ನಿಲ್ಲುತ್ತಾರೆ? ಹಳೆಯ ಮನೆಗಳಲ್ಲಿ ನಡುಮನೆಯೂ ಜಗಲಿಯೂ ಇದಕ್ಕೆಲ್ಲ ಜಾಗ ಕೊಡುತ್ತಿದ್ದವು.

ಮೂರನೆಯದು ಅಡುಗೆ ಮತ್ತು ನೀರಿನ ಕೆಲಸ. ನಮ್ಮ ಅಡುಗೆಯಲ್ಲಿ ಒಗ್ಗರಣೆ ಇದೆ, ರುಬ್ಬುವುದಿದೆ, ಮೀನು ತೊಳೆಯುವುದಿದೆ, ಬೇಸಿಗೆಗೆ ಹಪ್ಪಳ ಸಂಡಿಗೆ ಇದೆ. ಹಾಲ್‌ಗೆ ಪೂರ್ತಿ ತೆರೆದುಕೊಂಡ ಅಡುಗೆಮನೆ ಚಿತ್ರದಲ್ಲಿ ಚೆಂದ. ಬಾಳಕದ ಮೆಣಸಿನಕಾಯಿ ಹುರಿದ ದಿನ ಇಡೀ ಮನೆ ಕೆಮ್ಮುತ್ತದೆ.

ನಾಲ್ಕನೆಯದು ನಿಮ್ಮೂರಿನ ಮಳೆ, ಬಿಸಿಲು. ಐದನೆಯದು ಹೊಸಿಲು. ಅಂದರೆ ಹೊರಗಿನವರು ಎಲ್ಲಿಯವರೆಗೆ ಬರಬಹುದು, ಮನೆಯವರಿಗೆ ಎಷ್ಟು ಮರೆ ಬೇಕು ಅನ್ನುವುದು. ಆರನೆಯದು ದುಡ್ಡು. ಕಟ್ಟುವ ದುಡ್ಡಷ್ಟೇ ಅಲ್ಲ, ವರ್ಷಾವರ್ಷ ಮನೆ ಕೇಳುವ ದುಡ್ಡು, ಮುಂದೆ ಬದಲಿಸಬೇಕಾದರೆ ತಗಲುವ ದುಡ್ಡು.

ವಾಸ್ತುವಿನ ಬಗ್ಗೆ ಒಂದು ಮಾತು. ನೀವು ನಂಬುತ್ತೀರೋ ಇಲ್ಲವೋ, ಮನೆಯ ಹಿರಿಯರು ನಂಬಿದರೆ ಅದೂ ಒಂದು ಅಗತ್ಯವೇ. ಆಗ್ನೇಯಕ್ಕೆ ಅಡುಗೆಮನೆ, ಈಶಾನ್ಯಕ್ಕೆ ದೇವರಮನೆ ಅಂತಿದ್ದರೆ ಪ್ಲಾನ್ ಹಂತದಲ್ಲೇ ಹೇಳಿಬಿಡಿ. ಗೋಡೆ ಎದ್ದ ಮೇಲೆ ಒಡೆಸಬೇಡಿ.

ತೊಟ್ಟಿಮನೆ

ನಮ್ಮ ಅಜ್ಜಿ ತೊಟ್ಟಿಯ ಪಕ್ಕದ ಒಂದು ಕಂಬಕ್ಕೆ ಒರಗಿ ಕೂರುತ್ತಿದ್ದರು. ಕೊನೆಗಾಲದಲ್ಲಿ ಅವರಿಗೆ ಕಣ್ಣು ಮಂಜಾಗಿತ್ತು. ಆದರೂ ಇಡೀ ಮನೆ ಅವರಿಗೆ ಗೊತ್ತಾಗುತ್ತಿತ್ತು. ಹಾಲು ಉಕ್ಕಿದ್ದು, ತೊಟ್ಟಿಲಲ್ಲಿ ಮಗು ಎದ್ದದ್ದು, ಜಗಲಿಗೆ ಯಾರೋ ಬಂದು ಕೆಮ್ಮಿದ್ದು, ಎಲ್ಲವೂ ಅಲ್ಲಿಗೆ ಕೇಳುತ್ತಿತ್ತು. ಮಳೆಗಾಲದಲ್ಲಿ ನಾಲ್ಕೂ ಕಡೆಯ ಮಾಡಿನ ನೀರು ಒಳಗೆ ಇಳಿಯುತ್ತಿತ್ತು. ಅದರ ಕೆಳಗೆ ಹಂಡೆ ಇಟ್ಟರೆ ಕ್ಷಣದಲ್ಲಿ ತುಂಬುತ್ತಿತ್ತು. ಹೆಂಗಸರು ಹೊರಗೆ ಹೋಗದೆಯೇ ಆಕಾಶ ನೋಡುತ್ತಿದ್ದರು, ಗಾಳಿಯಲ್ಲಿ ಕೂತು ಕೆಲಸ ಮಾಡುತ್ತಿದ್ದರು. ತೊಟ್ಟಿಯನ್ನು ನಮ್ಮ ಹಿರಿಯರು ಅಂದಕ್ಕೆ ಮಾಡಿದ್ದಲ್ಲ. ಒಟ್ಟುಕುಟುಂಬ, ಮಕ್ಕಳು, ಮುದುಕರು, ಅಡಿಕೆ, ಅಕ್ಕಿ ಎಲ್ಲವನ್ನೂ ಒಂದೇ ಕಡೆಯಿಂದ ನೋಡಿಕೊಳ್ಳಲು ಮಾಡಿದ್ದು.

ಅದೇ ಮನೆಯಲ್ಲಿ ನಮ್ಮ ಚಿಕ್ಕಮ್ಮ ಮದುವೆಯಾಗಿ ಬಂದ ಹೊಸತರಲ್ಲಿ ಪಿಸುಮಾತಿನಲ್ಲೇ ಮಾತಾಡುತ್ತಿದ್ದರು. ಕೋಣೆಗಳೆಲ್ಲ ತೊಟ್ಟಿಯ ಕಡೆಗೇ ಬಾಗಿಲು ತೆಗೆಯುತ್ತಿದ್ದವು. ಅಜ್ಜಿಗೆ ಎಲ್ಲವೂ ಕೇಳುತ್ತಿತ್ತು ಅಂದೆನಲ್ಲ, ಅದರ ಇನ್ನೊಂದು ಮುಖ ಇದು. ಅತ್ತೆ ಸೊಸೆ ಇಬ್ಬರನ್ನೂ ಕೂರಿಸಿಕೊಂಡು ಕೇಳಿದ ಮೇಲೆಯೇ ತೊಟ್ಟಿಮನೆಗೆ ಹೂಂ ಅನ್ನಿ.

ಈಗ ಅಳತೆಗೆ ಬರೋಣ. 30×40 ಸೈಟಿನಲ್ಲಿ ಸುತ್ತ 3 ಅಡಿ ಬಿಟ್ಟರೆ 24×34, ಅಂದರೆ 816 ಚದರಡಿ ಉಳಿಯುತ್ತದೆ. (ಎಷ್ಟು ಬಿಡಬೇಕು ಅನ್ನುವುದು ಊರೂರಿಗೆ ಬೇರೆ. ನಿಮ್ಮ ನಗರಪಾಲಿಕೆಯಲ್ಲಿ ಕೇಳಿ.) ನಡುವೆ 8×8 ಅಡಿಯ ಪುಟ್ಟ ತೊಟ್ಟಿ, ಸುತ್ತಲೂ ಓಡಾಡಲು 3 ಅಡಿ ಜಾಗ ಅಂತಿಟ್ಟುಕೊಳ್ಳಿ. ಅಷ್ಟಕ್ಕೇ 14×14, ಅಂದರೆ 196 ಚದರಡಿ ಹೋಯಿತು. ಹೆಚ್ಚುಕಡಿಮೆ ಕಾಲುಭಾಗ ಮನೆ. ಉಳಿದ 620 ಚದರಡಿ ನಾಲ್ಕು ಕಡೆ ಹಂಚಿಹೋಗುತ್ತದೆ. ಮಂಚ ಹಾಕಿದರೆ ಬೀರು ಹಿಡಿಸದಂಥ ಕೋಣೆಗಳಾಗುತ್ತವೆ. ಆದ್ದರಿಂದ ನಿಜವಾದ ತೊಟ್ಟಿಮನೆಗೆ 40×60 ಸೈಟು ಬೇಕು ಅನ್ನುವುದು ನನ್ನ ಅಭಿಪ್ರಾಯ.

30×40ರಲ್ಲಿ ಆಸೆ ಬಿಡಬೇಕಾಗಿಲ್ಲ. ತೊಟ್ಟಿಯನ್ನು ನಡುವಿನಿಂದ ಪಕ್ಕದ ಗೋಡೆಗೆ ಸರಿಸಿ. 6×10 ಅಡಿಯ ಒಂದು ಓಣಿಯಂಥ ಅಂಗಳ ಬಿಟ್ಟು, ಅಡುಗೆಮನೆಯ ಮತ್ತು ನಡುಮನೆಯ ಬಾಗಿಲು ಅದಕ್ಕೆ ತೆರೆಯಲಿ. ಬೆಳಕು, ಗಾಳಿ, ತುಳಸಿಕಟ್ಟೆ, ಪಾತ್ರೆ ತೊಳೆಯುವ ಜಾಗ ಎಲ್ಲ ಸಿಗುತ್ತದೆ. ಮಲಗುವ ಕೋಣೆಗಳಿಗೆ ಮರೆಯೂ ಉಳಿಯುತ್ತದೆ.

ನೀರಿನ ಲೆಕ್ಕ ತಪ್ಪಬಾರದು. 1 ಚದರ ಮೀಟರ್ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು. 816 ಚದರಡಿ ಅಂದರೆ ಸುಮಾರು 76 ಚದರ ಮೀಟರ್. ಮಾಡೆಲ್ಲ ಒಳಕ್ಕೇ ಇಳಿಜಾರಾಗಿದ್ದು, ಗಂಟೆಗೆ 50 ಮಿಲಿಮೀಟರ್ ಮಳೆ ಸುರಿದರೆ ಮನೆಯ ನಡುವೆ ಆ ಒಂದು ಗಂಟೆಯಲ್ಲಿ 3,800 ಲೀಟರ್ ಬೀಳುತ್ತದೆ. ಒಂದೇ ಕೊಳವೆ ಸಾಲದು. ಎರಡು 4 ಇಂಚಿನ ಕೊಳವೆ ಹಾಕಿಸಿ, ಒಂದು ಎಲೆ ಸಿಕ್ಕಿ ಕಟ್ಟಿಕೊಂಡರೆ ಇನ್ನೊಂದು ಎಳೆಯಲಿ. ತೊಟ್ಟಿಯ ನೆಲ ಪಕ್ಕದ ನೆಲಕ್ಕಿಂತ ಅರ್ಧ ಅಡಿಯಾದರೂ ತಗ್ಗಿರಲಿ.

ಸೊಳ್ಳೆ, ಕೋತಿ, ಕಳ್ಳರ ಭಯಕ್ಕೆ ಮೇಲೆ ಗ್ರಿಲ್ಲು, ಬಲೆ ಹಾಕಿಸುತ್ತಾರೆ. ಅದು ಸರಿ. ಆದರೆ ಪೂರ್ತಿ ಮುಚ್ಚುವಂತೆ ಪ್ಲಾಸ್ಟಿಕ್ ಶೀಟು ಹೊದೆಸಿದರೆ ತೊಟ್ಟಿ ಕೆಲಸ ಮಾಡುವುದಿಲ್ಲ. ಬಿಸಿ ಗಾಳಿ ಮೇಲಕ್ಕೆ ಹೋಗಲು ದಾರಿಯೇ ಇಲ್ಲದಂತಾಗಿ ಮಧ್ಯಾಹ್ನ ಒಲೆಯಂತಾಗುತ್ತದೆ. ಹಾಕಲೇಬೇಕಾದರೆ ಶೀಟನ್ನು ಒಂದೂವರೆ ಅಡಿ ಎತ್ತರಿಸಿ, ಸುತ್ತ ಗಾಳಿಗೆ ಬಿಡಿ.

ವರ್ಷದ ಖರ್ಚನ್ನೂ ಮರೆಯಬೇಡಿ. ಹಂಚಿನ ಮಾಡು ಪ್ರತಿ ಮಳೆಗಾಲಕ್ಕೂ ಮುಂಚೆ ಒಂದು ಕೈ ನೋಡಬೇಕು. ಗೆದ್ದಲಿಗೆ ಕಣ್ಣಿಟ್ಟಿರಬೇಕು. ಕೆಡವಿದ ಮನೆಗಳ ಹಳೆಯ ಮರದ ಕಂಬ ಕೊಳ್ಳುವುದಾದರೆ ತಳಭಾಗವನ್ನು ಉಳಿಯಲ್ಲಿ ಕುಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಬಿಡಿ. ಮರ ದುಬಾರಿ ಅನಿಸಿದರೆ ಕಲ್ಲಿನ ಕಂಬ, ಕಬ್ಬಿಣದ ಪೈಪಿನ ಮೇಲೆ ಹಂಚು ಒಳ್ಳೆಯ ಹೊಂದಾಣಿಕೆ.

ಊರಿಗೊಂದು ಮಾಡು

ತೊಟ್ಟಿಮನೆಯೇ ಕರ್ನಾಟಕದ ಮನೆ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಕಲಬುರಗಿ, ರಾಯಚೂರಿನ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ಅಲ್ಲಿಯವರು ದಪ್ಪ ಗೋಡೆ, ಸಣ್ಣ ಕಿಟಕಿ, ಮೇಲೆ ಮಣ್ಣು ಹೊದೆಸಿದ ಮಾಳಿಗೆ, ಬೆಳಕಿಂಡಿ ಮಾಡಿಕೊಂಡರು. ಸೆಕೆಗಾಲದ ರಾತ್ರಿ ಮಾಳಿಗೆಯ ಮೇಲೆ ಮಲಗಿದರು. ಕರಾವಳಿಯಲ್ಲಿ ಬೆವರಿನದೇ ಕಾಟ. ಅಲ್ಲಿ ದಪ್ಪ ಗೋಡೆಗಿಂತ ಗಾಳಿ ಹಾಯುವುದು ಮುಖ್ಯ. ಮಳೆ ಓರೆಯಾಗಿ ಹೊಡೆಯುವುದರಿಂದ ಗೋಡೆ ದಾಟಿ ಚಾಚಿದ ಮಾಡು ಬೇಕು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ಹುಲ್ಲಿನ, ಸೋಗೆಯ ಎಷ್ಟೋ ಮಾಡುಗಳು ಹಂಚಿನವಾದವು. ಆದರೆ ಇಳಿಜಾರು ಹಾಗೇ ಉಳಿಯಿತು, ಯಾಕೆಂದರೆ ಮಳೆ ಬದಲಾಗಿರಲಿಲ್ಲ.

ಹಾಗಾಗಿ ಬೆಂಗಳೂರಿನ ಗಾಜಿನ ಮುಂಭಾಗದ ಮನೆಯ ಫೋಟೋ ತೋರಿಸಿ ವಿಜಯಪುರದಲ್ಲಿ ಅದನ್ನೇ ಕಟ್ಟಿಸಬೇಡಿ. ಕುಂದಾಪುರದಲ್ಲಿ ಸಜ್ಜ ಇಲ್ಲದ ಕಿಟಕಿ ಇಡಿಸಬೇಡಿ. ಇದು ನಾಲ್ಕೂ ಆಯ್ಕೆಗಳಿಗೆ ಹೊಂದುವ ಮಾತು.

ಡ್ಯೂಪ್ಲೆಕ್ಸ್

ಇವತ್ತು ಸೈಟಿದ್ದವರೆಲ್ಲ ಮೊದಲು ಕೇಳುವುದು ಇದನ್ನೇ. ಕೆಳಗೆ ಹಾಲ್, ಅಡುಗೆಮನೆ, ಒಂದು ಕೋಣೆ. ಒಳಮೆಟ್ಟಿಲು. ಮೇಲೆ ಎರಡು ಮೂರು ಕೋಣೆ. ಕಾಲೇಜಿಗೆ ಹೋಗುವ ಮಕ್ಕಳು, ಮನೆಯಿಂದಲೇ ಕೆಲಸ ಮಾಡುವ ಗಂಡ ಹೆಂಡತಿ ಇರುವ ಮನೆಗೆ ಇದು ಚೆನ್ನಾಗಿ ಹೊಂದುತ್ತದೆ. ಕೆಳಗೆ ಎಷ್ಟೇ ನೆಂಟರು ಬಂದರೂ ಮೇಲೆ ಒಬ್ಬರು ಬಾಗಿಲು ಹಾಕಿಕೊಂಡು ಓದಬಹುದು. ಕಡಿಮೆ ಜಾಗದಲ್ಲಿ ಜಾಸ್ತಿ ಕೋಣೆ ಸಿಗುತ್ತದೆ.

ತೊಂದರೆ ಇರುವುದು ಮೆಟ್ಟಿಲಿನಲ್ಲಿ. ರಾಷ್ಟ್ರೀಯ ಕಟ್ಟಡ ಸಂಹಿತೆ ಮನೆಗಳಿಗೆ ಒಂದೊಂದು ಮೆಟ್ಟಿಲಿನ ಎತ್ತರ 19 ಸೆಂಟಿಮೀಟರ್ ಮೀರಬಾರದು, ಕಾಲಿಡುವ ಜಾಗದ ಅಗಲ 25 ಸೆಂಟಿಮೀಟರಿಗಿಂತ ಕಡಿಮೆ ಇರಬಾರದು ಅನ್ನುತ್ತದೆ. ಅದು ಕೊನೆಯ ಗಡಿ. ವಯಸ್ಸಾದವರಿಗೆ 6 ಇಂಚು ಎತ್ತರ, 11 ಇಂಚು ಅಗಲ ಸುಖ. ಹಾಗೆ ಮಾಡಿದರೆ 10 ಅಡಿ ಏರಲು 20 ಮೆಟ್ಟಿಲು ಬೇಕು, ಜಾಗವೂ ಜಾಸ್ತಿ ತಿನ್ನುತ್ತದೆ. ಜಾಗ ಉಳಿಸಲು ಮೆಟ್ಟಿಲನ್ನು ಕಡಿದಾಗಿಸುವುದು ತುಂಬಾ ಕಡೆ ನಡೆಯುತ್ತದೆ. ದಯವಿಟ್ಟು ಒಪ್ಪಬೇಡಿ.

ಎರಡು ಮಹಡಿ ಎತ್ತರದ ಹಾಲ್ ಬಗ್ಗೆ ಕೇಳುತ್ತಾರೆ. ನೋಡಲು ಭವ್ಯ, ನಿಜ. ಆದರೆ ಮೇಲೆ ಒಂದು ಕೋಣೆಯಷ್ಟು ಜಾಗ ಹೋಗುತ್ತದೆ. ಟಿವಿ ಸದ್ದು, ಒಗ್ಗರಣೆ ಘಾಟು ಎರಡೂ ಮೇಲೇರುತ್ತವೆ. 30×40ರಲ್ಲಿ ಬೇಡ ಅನ್ನುತ್ತೇನೆ.

ಡ್ಯೂಪ್ಲೆಕ್ಸ್ ಕಟ್ಟಿಸುವುದೇ ಆದರೆ ಎರಡು ಕೆಲಸ ಖಂಡಿತ ಮಾಡಿ. ಕೆಳಗಿನ ಕೋಣೆಗೆ ಹೊಂದಿಕೊಂಡ ಬಾತ್‌ರೂಮು ಇರಲಿ, ಅದರ ಬಾಗಿಲು 3 ಅಡಿ ಅಗಲವಿರಲಿ, ಹೊಸಿಲು ಎತ್ತರ ಬೇಡ. ಮತ್ತೆ ಮೆಟ್ಟಿಲನ್ನು ಮುಂಬಾಗಿಲ ಹತ್ತಿರ ಇಡಿಸಿ. ಮಕ್ಕಳು ಊರು ಬಿಟ್ಟ ಮೇಲೆ ಮೇಲಿನ ಮಹಡಿ ಖಾಲಿ ಬೀಳುತ್ತದೆ. ಆಗ ಒಂದು ಗೋಡೆ, ಒಂದು ಬಾಗಿಲು ಹಾಕಿದರೆ ಅದನ್ನು ಬೇರೆ ಮನೆಯಾಗಿ ಬಾಡಿಗೆಗೆ ಕೊಡಬಹುದು. ಮೆಟ್ಟಿಲು ಮನೆಯ ನಡುವೆ ಇದ್ದರೆ ಇದು ಆಗುವುದಿಲ್ಲ.

ಮಹಡಿಗೊಂದು ಸಂಸಾರ

ಇದು ನಮ್ಮ ಮೈಸೂರು ಮನೆಯ ಕಥೆ, ನೋವಿನದೂ ಹೌದು. ಸಾಲ ತೀರಿಸಲು ನೆಲಮಹಡಿಯನ್ನು ಬಾಡಿಗೆಗೆ ಕೊಟ್ಟು ನಾವು ಮೇಲೆ ಇದ್ದೆವು. ಲೆಕ್ಕ ಸರಿಯಾಗಿತ್ತು. ಆದರೆ ಅತ್ತೆಗೆ ಮಂಡಿನೋವು ಶುರುವಾಯಿತು. ಮೊದಲು ಸಂಜೆ ದೇವಸ್ಥಾನ ನಿಂತಿತು. ಆಮೇಲೆ ಬೀದಿಯ ಗೆಳತಿಯರ ಜೊತೆ ಗೇಟಿನ ಹತ್ತಿರದ ಮಾತು ನಿಂತಿತು. ಕೊನೆಯ ಮೂರು ವರ್ಷ ಅವರು ಬೀದಿಯನ್ನು ಬಾಲ್ಕನಿಯಿಂದ ಮಾತ್ರ ನೋಡಿದರು. “ಕೆಳಗಿನ ಮನೆ ನಂದೇ ಅಲ್ವೇನಮ್ಮಾ?” ಅಂತ ಒಂದು ದಿನ ಕೇಳಿದರು. ನನ್ನಲ್ಲಿ ಉತ್ತರ ಇರಲಿಲ್ಲ. ಬಾಡಿಗೆಗೆ ಕೊಡುವುದಾದರೆ ಮೇಲಿನದನ್ನು ಕೊಡಿ. ನೆಲಮಹಡಿಗೆ ಸ್ವಲ್ಪ ಜಾಸ್ತಿ ಬಾಡಿಗೆ ಬರಬಹುದು. ಆ ವ್ಯತ್ಯಾಸಕ್ಕಾಗಿ ಹಿರಿಯರನ್ನು ಮೇಲೇರಿಸಬೇಡಿ.

ಅಣ್ಣತಮ್ಮಂದಿರು ಒಂದೊಂದು ಮಹಡಿಯಲ್ಲಿರುವುದು ನನ್ನ ಕಣ್ಣಿಗೆ ಹಳೆಯ ಒಟ್ಟುಕುಟುಂಬಕ್ಕೂ ಇವತ್ತಿನ ಸಂಸಾರಕ್ಕೂ ನಡುವಿನ ಒಳ್ಳೆಯ ದಾರಿ. ಒಲೆ ಬೇರೆ, ಹಬ್ಬ ಒಟ್ಟಿಗೆ. ಮಕ್ಕಳು ಎರಡೂ ಮನೆಯಲ್ಲಿ ಬೆಳೆಯುತ್ತಾರೆ. ಖರ್ಚೂ ಹಂಚಿಕೆಯಾಗುತ್ತದೆ. ಪಾಯ, ಸಂಪು, ಕಾಂಪೌಂಡು, ಬೋರ್‌ವೆಲ್ ಒಂದೇ ಸಲ.

ಆದರೆ ಪ್ರೀತಿ ಇರುವಾಗಲೇ ಕಾಗದ ಮಾಡಿಕೊಳ್ಳಿ. ಯಾವ ಮಹಡಿ ಯಾರದು, ತಾರಸಿ ಯಾರದು, ಮುಂದೆ ಇನ್ನೊಂದು ಮಹಡಿ ಎಬ್ಬಿಸುವ ಹಕ್ಕು ಯಾರಿಗೆ, ಇಷ್ಟನ್ನು ವಕೀಲರ ಹತ್ತಿರ ಬರೆಸಿ. ಕರೆಂಟಿನ ಮೀಟರ್ ಬೇರೆ ಬೇರೆ ಇರಲಿ. ಮೆಟ್ಟಿಲು ಹೊರಗಿನಿಂದ ಇರಲಿ. ಮೆಟ್ಟಿಲ ಪಕ್ಕದಲ್ಲಿ 5×5 ಅಡಿ ಜಾಗವನ್ನು ಎಲ್ಲ ಮಹಡಿಯಲ್ಲೂ ಒಂದರ ಮೇಲೊಂದು ಬರುವಂತೆ ಬಿಡಿಸಿ. ಸದ್ಯಕ್ಕೆ ಸಾಮಾನಿನ ಕೋಣೆಯಾಗಿರಲಿ. ಹತ್ತು ವರ್ಷದ ಮೇಲೆ ಅಲ್ಲಿ ಲಿಫ್ಟು ಕೂರಿಸಬಹುದು.

ಇನ್ನೊಂದು ಸಣ್ಣ ಲೆಕ್ಕ. ಗಾಲಿಕುರ್ಚಿ ಸುಲಭವಾಗಿ ಏರಬೇಕಾದರೆ ಇಳಿಜಾರು 1ಕ್ಕೆ 12 ಇರಬೇಕು. ಮನೆಯ ಪಾಯ ರಸ್ತೆಗಿಂತ 2 ಅಡಿ ಎತ್ತರವಿದ್ದರೆ 24 ಅಡಿ ಉದ್ದದ ಇಳಿಜಾರು ಬೇಕು, 30×40ರಲ್ಲಿ ಎಲ್ಲಿಂದ ತರುತ್ತೀರಿ? 1 ಅಡಿ ಎತ್ತರಕ್ಕೆ 12 ಅಡಿ ಸಾಕು. ಮಳೆನೀರು ನುಗ್ಗುವ ಬೀದಿಯಲ್ಲಿ ಪಾಯ ಎತ್ತರಿಸಲೇಬೇಕು. ನುಗ್ಗದ ಕಡೆ ಸುಮ್ನೆ ಎತ್ತರಿಸಬೇಡಿ.

ಫ್ಲ್ಯಾಟ್

ನಾನು ಫ್ಲ್ಯಾಟಿಗೆ ಮನಸ್ಸಿಲ್ಲದೆ ಬಂದವಳು. ಈಗ ಅದರ ಒಳ್ಳೆಯ ಗುಣಗಳನ್ನು ಮನಸಾರೆ ಹೇಳುತ್ತೇನೆ. ಲಿಫ್ಟು ಇದೆ. ಮನೆಯೊಳಗೆ ಮೆಟ್ಟಿಲಿಲ್ಲ. ಒಂದೇ ಮಟ್ಟದ ನೆಲ. ರಾತ್ರಿ ಕಾವಲಿಗೆ ಜನ ಇದ್ದಾರೆ. ನಾಲ್ಕು ದಿನ ಬೀಗ ಹಾಕಿ ಊರಿಗೆ ಹೋಗಿಬರಬಹುದು. ಮಕ್ಕಳು ದೂರದೇಶದಲ್ಲಿದ್ದು ಇಬ್ಬರೇ ಇರುವ ಹಿರಿಯರಿಗೆ ನಾಲ್ಕರಲ್ಲಿ ಇದೇ ಮೇಲು ಅಂತ ನನಗೆ ಅನಿಸಿದೆ. ನಮ್ಮ ಅತ್ತೆಗೆ ಆಗ ಇಂಥ ಮನೆ ಸಿಕ್ಕಿದ್ದರೆ ಅವರು ಸಂಜೆ ಕೆಳಗಿಳಿದು ನಾಲ್ಕು ಜನರ ಜೊತೆ ಕೂರುತ್ತಿದ್ದರು.

ಹಳೆಯ ಬೆಂಗಳೂರು, ಮೈಸೂರಿನ ವಠಾರಗಳನ್ನು ನೆನೆಸಿಕೊಳ್ಳಿ. ಸಾಲುಮನೆಗಳು, ನಡುವೆ ಒಂದೇ ಅಂಗಳ, ಒಂದೇ ಬಾವಿ ಅಥವಾ ನಲ್ಲಿ. ಮರೆ ಕಡಿಮೆ, ಜಗಳ ಇತ್ತು, ಆದರೆ ಯಾರೂ ಒಂಟಿಯಾಗಿರಲಿಲ್ಲ. ಫ್ಲ್ಯಾಟ್ ನೋಡಲು ಹೋದಾಗ ನಾನು ಮೊದಲು ಹುಡುಕುವುದು ಆ ಅಂಗಳವನ್ನೇ. ಕೆಳಗೆ ನೆರಳಲ್ಲಿ ಕೂರುವ ಕಟ್ಟೆ ಇದೆಯಾ, ಮಕ್ಕಳು ಕಾರುಗಳ ಭಯವಿಲ್ಲದೆ ಆಡಬಹುದಾ, ಹಬ್ಬ ಮಾಡಲು ಹಾಲ್ ಇದೆಯಾ? ಈಜುಕೊಳಕ್ಕಿಂತ ಇದು ಮುಖ್ಯ.

ಒಳಗೆ ಬಂದರೆ, ಅಡುಗೆಮನೆಗೆ ಹೊಂದಿಕೊಂಡ ಯುಟಿಲಿಟಿ ಜಾಗ ನೋಡಿ. ಅಲ್ಲಿ ಪಾತ್ರೆ ತೊಳೆಯುವ ತೊಟ್ಟಿ, ವಾಷಿಂಗ್ ಮಷಿನ್, ಬಟ್ಟೆ ಒಣಗಿಸುವ ಹಗ್ಗ ಮೂರೂ ಹಿಡಿಸಬೇಕು. ಅದು ಬಯಲಿಗೆ ತೆರೆಯಬೇಕು, ಕಿರಿದಾದ ಡಕ್ಟಿಗಲ್ಲ. ದೇವರಮನೆ ಅಂತ ತೋರಿಸುವ ಗೂಡಿನ ಮುಂದೆ ಇಬ್ಬರು ಕೂತು ನೋಡಿ. ಹೋಮಕ್ಕೆ ಒಪ್ಪಿಗೆ ಇದೆಯಾ, ಹೊಗೆಗೆ ಅಲಾರಾಂ ಹೊಡೆದುಕೊಳ್ಳುತ್ತದಾ ಕೇಳಿ. ಲಿಫ್ಟಿನಲ್ಲಿ ಸ್ಟ್ರೆಚರ್ ಹಿಡಿಸುತ್ತದಾ ಕೇಳಿ. ಕೇಳಲು ಸಂಕೋಚವಾಗುತ್ತದೆ, ಆದರೂ ಕೇಳಿ.

ದುಡ್ಡಿನ ವಿಷಯದಲ್ಲಿ ಒಂದು ಮಾತು ಗಟ್ಟಿಯಾಗಿ ಹಿಡಿದುಕೊಳ್ಳಿ: ಕಾರ್ಪೆಟ್ ಏರಿಯಾ. ಬಿಲ್ಡರುಗಳನ್ನು ನಿಯಂತ್ರಿಸುವ 2016ರ ರೇರಾ ಕಾಯ್ದೆ ಪ್ರಕಾರ ಇದು ಮನೆಯೊಳಗೆ ನಿಜವಾಗಿ ಬಳಸುವ ನೆಲದ ಅಳತೆ. ಒಳಗಿನ ಗೋಡೆಗಳು ಇದರಲ್ಲಿ ಸೇರುತ್ತವೆ. ಹೊರಗೋಡೆ, ಬಾಲ್ಕನಿ ಸೇರುವುದಿಲ್ಲ. ಸೂಪರ್ ಬಿಲ್ಟಪ್ ಅಂತ ಹೇಳುವ ಅಳತೆಯಲ್ಲಿ ಲಿಫ್ಟು, ಮೆಟ್ಟಿಲು, ಓಣಿ ಎಲ್ಲದರ ಪಾಲೂ ಇರುತ್ತದೆ. ಎರಡು ಫ್ಲ್ಯಾಟ್ ಹೋಲಿಸುವಾಗ ಬೆಲೆಯನ್ನು ಕಾರ್ಪೆಟ್ ಏರಿಯಾದಿಂದ ಭಾಗಿಸಿ ನೋಡಿ, ಚಿತ್ರವೇ ಬದಲಾಗುತ್ತದೆ. ಜೊತೆಗೆ ನೆಲದಲ್ಲಿ ನಿಮ್ಮ ಪಾಲು ಎಷ್ಟು ಅಂತ ಕಾಗದದಲ್ಲಿ ನೋಡಿ. ಮನೆ ಹಸ್ತಾಂತರವಾದ ಮೇಲೆ 5 ವರ್ಷದೊಳಗೆ ಕಟ್ಟಡದ ದೋಷ ಕಂಡರೆ ಬಿಲ್ಡರ್ ಸರಿಪಡಿಸಿಕೊಡಬೇಕು ಅಂತಲೂ ಅದೇ ಕಾಯ್ದೆ ಹೇಳುತ್ತದೆ. ಬಿರುಕು, ಸೋರಿಕೆಗಳ ಫೋಟೋ ತೆಗೆದಿಡಿ, ಬರವಣಿಗೆಯಲ್ಲಿ ದೂರು ಕೊಡಿ.

ತಿಂಗಳ ನಿರ್ವಹಣೆ ಎಂದೂ ನಿಲ್ಲುವ ಖರ್ಚಲ್ಲ. ಉದಾಹರಣೆಗೆ 1,200 ಚದರಡಿಗೆ 4 ರೂಪಾಯಿಯಂತೆ ಲೆಕ್ಕ ಹಾಕಿದರೆ ತಿಂಗಳಿಗೆ 4,800, ವರ್ಷಕ್ಕೆ 57,600 ರೂಪಾಯಿ. ಪಿಂಚಣಿಯಲ್ಲಿ ಬದುಕುವವರು ಇದನ್ನು ಮೊದಲೇ ಎಣಿಸಬೇಕು. ಬೇಸಿಗೆಯಲ್ಲಿ ನೀರು ಎಲ್ಲಿಂದ ಬರುತ್ತದೆ, ಟ್ಯಾಂಕರಾ, ಅದರ ದುಡ್ಡು ಇದರಲ್ಲೇ ಸೇರಿದೆಯಾ ಅನ್ನುವುದನ್ನು ಅಲ್ಲಿ ಈಗಾಗಲೇ ಇರುವವರನ್ನೇ ಕೇಳಿ.

ಮುಂದೆ ಬದಲಿಸುವ ವಿಷಯಕ್ಕೆ ಬಂದರೆ ಫ್ಲ್ಯಾಟ್ ಎಲ್ಲಕ್ಕಿಂತ ಹಿಂದೆ. ಎಷ್ಟೋ ಹೊಸ ಕಟ್ಟಡಗಳಲ್ಲಿ ಒಳಗೋಡೆಗಳೂ ಕಾಂಕ್ರೀಟಿನವೇ ಆಗಿರುತ್ತವೆ. ಅಂಥ ಗೋಡೆ ಭಾರ ಹೊರುತ್ತಿರುತ್ತದೆ, ಒಡೆಯುವಂತಿಲ್ಲ. ಅಮ್ಮನನ್ನು ಕರೆತಂದು ಇಟ್ಟುಕೊಳ್ಳಬೇಕಾದರೆ ಒಂದು ಕೋಣೆ ಹೆಚ್ಚು ಮಾಡಲಾಗುವುದಿಲ್ಲ. ನಾಲ್ಕು ವರ್ಷ ಮುಂದಿನ ಸಂಸಾರ ಎಷ್ಟು ದೊಡ್ಡದು ಅಂತ ಈಗಲೇ ಯೋಚಿಸಿ ಕೊಳ್ಳಿ.

ಐದನೆಯ ದಾರಿ: ಇರುವ ಮನೆ

ಪ್ರಶ್ನೆ ಕೇಳಿದವರು ಇದನ್ನು ಹೇಳಿರಲಿಲ್ಲ. ಊರಲ್ಲಿ ಹಳೆಯ ಮನೆ ಇದ್ದರೆ ಅದನ್ನೂ ಲೆಕ್ಕಕ್ಕೆ ತಗೊಳ್ಳಿ. ಕೊಡಗಿನವರನ್ನು ನೋಡಿ. ಒಕ್ಕದವರು, ಅಂದರೆ ಒಂದೇ ಮನೆತನದವರು, ಎಲ್ಲೆಲ್ಲೋ ಇರುತ್ತಾರೆ. ಸುಗ್ಗಿ ಹಬ್ಬ ಪುತ್ತರಿಗೆ ಮನೆತನದ ಮೂಲಮನೆಯಾದ ಐನ್‌ಮನೆಗೆ ಬರುತ್ತಾರೆ. ಮುಂದಿನ ಜಗಲಿಯಾದ ಕಯ್ಯಾಲೆಯಲ್ಲಿ ಕೂರುತ್ತಾರೆ, ಹಿರಿಯರಿಗೆ ಐಮರದ (ಕಂಬಗಳ ನಡುವಿನ ಮರದ ಹಲಗೆ) ಮೇಲೆ ಜಾಗ. ದಿನದ ಬದುಕಿಗೆ ಒಂದು ಮನೆ, ಹಬ್ಬಕ್ಕೆ ಇನ್ನೊಂದು. ಹಬ್ಬಕ್ಕೆಲ್ಲ ಊರಿಗೆ ಹೋಗುವ ಮನೆಮಂದಿಗೆ ನಗರದಲ್ಲಿ ನಲವತ್ತು ಜನ ಹಿಡಿಸುವ ಹಾಲ್ ಬೇಕೇ ಇಲ್ಲ. ಸಣ್ಣ ಫ್ಲ್ಯಾಟ್ ಕೊಂಡು, ಉಳಿದ ದುಡ್ಡಿನಲ್ಲಿ ಊರ ಮನೆಗೆ ಒಳ್ಳೆಯ ಬಾತ್‌ರೂಮು, ಹೊಸ ವೈರಿಂಗ್, ಮಾಡಿನ ರಿಪೇರಿ ಮಾಡಿಸಬಹುದು. ನಮ್ಮ ತೀರ್ಥಹಳ್ಳಿ ಮನೆಯನ್ನು ಅಣ್ಣ ಹೀಗೇ ಉಳಿಸಿಕೊಂಡಿದ್ದಾನೆ. ಒಂದೇ ಷರತ್ತು, ಅಲ್ಲಿ ಯಾರಾದರೂ ವಾಸವಿರಬೇಕು. ಬೀಗ ಬಿದ್ದ ಮಣ್ಣಿನ ಮನೆ ಬೇಗ ಹಾಳಾಗುತ್ತದೆ.

ದುಡ್ಡು ಕಡಿಮೆ ಇದ್ದರೆ

20×30 ಸೈಟು, ಕೈಯಲ್ಲಿ ಸ್ವಲ್ಪವೇ ದುಡ್ಡು ಅನ್ನುವವರಿಗೆ ಇಂದೋರಿನ ಅರಣ್ಯ ಬಡಾವಣೆಯಿಂದ ಕಲಿಯುವುದಿದೆ. ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿಯವರು ಮಾಡಿದ ಯೋಜನೆ ಅದು. 1995ರಲ್ಲಿ ಅದಕ್ಕೆ ಆಗಾ ಖಾನ್ ಪ್ರಶಸ್ತಿ ಬಂತು. ಅಲ್ಲಿ ಬಡ ಕುಟುಂಬಗಳಿಗೆ ಪೂರ್ತಿ ಮನೆ ಕಟ್ಟಿಕೊಡಲಿಲ್ಲ. ಸೈಟು, ನೀರು, ಚರಂಡಿ, ಜೊತೆಗೆ ಶೌಚಾಲಯದಂಥ ಮೂಲ ಭಾಗ ಕೊಟ್ಟರು. ಉಳಿದದ್ದನ್ನು ಜನ ತಮ್ಮ ಅಗತ್ಯ, ದುಡ್ಡು ನೋಡಿಕೊಂಡು ಕೋಣೆ ಮೇಲೆ ಕೋಣೆ ಸೇರಿಸಿದರು. ಯಾರೋ ಮುಂದೆ ಅಂಗಡಿ ಮಾಡಿದರು, ಯಾರೋ ಕಟ್ಟೆ ಮಾಡಿದರು.

ನೀವೂ ಹಾಗೆ ಮಾಡಬಹುದು. ಪೂರ್ತಿ ಮನೆಯ ಪ್ಲಾನ್ ಈಗಲೇ ಮಾಡಿಸಿ. ಪಾಯವನ್ನು ಎರಡು ಮಹಡಿಗೆ ತಕ್ಕಂತೆ ಹಾಕಿಸಿ. ಮೊದಲು ಅಡುಗೆಮನೆ, ಬಚ್ಚಲು, ಒಂದು ದೊಡ್ಡ ಕೋಣೆ. ಉಳಿದದ್ದು ದುಡ್ಡು ಕೂಡಿದ ಹಾಗೆ. ದೊಡ್ಡ ಸಾಲ ಮಾಡಿ ಡ್ಯೂಪ್ಲೆಕ್ಸ್ ಎಬ್ಬಿಸುವುದಕ್ಕಿಂತ ಇದು ನೆಮ್ಮದಿ.

ಗೋಡೆಯಲ್ಲೂ ಉಳಿತಾಯವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ತಂಡ ಸಿಮೆಂಟ್ ಬೆರೆಸಿ ಒತ್ತಿದ ಮಣ್ಣಿನ ಇಟ್ಟಿಗೆಯನ್ನು ಬೆಳೆಸಿತು. ಸಂಪು ತೋಡಿದ ಮಣ್ಣು ಸರಿಯಿದ್ದರೆ ಸೈಟಿನಲ್ಲೇ ಒತ್ತಿಸಬಹುದು, ಸುಡುವ ಕೆಲಸವಿಲ್ಲ. ವಾಸ್ತುಶಿಲ್ಪಿ ಲಾರಿ ಬೇಕರ್ ಕೇರಳದಲ್ಲಿ ಜನಪ್ರಿಯಗೊಳಿಸಿದ, ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ನಡುವೆ ಟೊಳ್ಳು ಬಿಟ್ಟು ಕಟ್ಟುವ ಗೋಡೆಯಲ್ಲಿ ಸುಮಾರು ಕಾಲುಭಾಗ ಇಟ್ಟಿಗೆ ಉಳಿಯುತ್ತದೆ, ಒಳಗೆ ತಂಪೂ ಇರುತ್ತದೆ. ಎರಡಕ್ಕೂ ಪಳಗಿದ ಕೈ ಬೇಕು. ನಿಮ್ಮೂರಲ್ಲಿ ಅಂಥ ಮೇಸ್ತ್ರಿ ಇಲ್ಲದಿದ್ದರೆ ಸಾಮಾನ್ಯ ಇಟ್ಟಿಗೆಯೇ ವಾಸಿ.

ಮಳೆನೀರು ಹಿಡಿಯುವುದನ್ನು ಮಾತ್ರ ಯಾವ ಬಜೆಟ್ಟಿನಲ್ಲೂ ಬಿಡಬೇಡಿ. ಬೆಂಗಳೂರಿನಲ್ಲಿ 30×40 ಮತ್ತು ಅದಕ್ಕಿಂತ ದೊಡ್ಡ ಸೈಟಿನ ಹೊಸ ಮನೆಗೆ ಅದು ಕಡ್ಡಾಯವೂ ಹೌದು. ಅಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ. 800 ಚದರಡಿ ತಾರಸಿಯ ಮೇಲೆ 70 ಸಾವಿರ ಲೀಟರಿಗೂ ಹೆಚ್ಚು ನೀರು ಬೀಳುತ್ತದೆ.

ಹಾಗಾದರೆ ಮೈಸೂರಿನ ಅವರಿಗೆ?

ಅವರು ತಮ್ಮ ಮನೆಯ ದಿನಚರಿ ಬರೆದು ಕಳಿಸಿದರು. ಅತ್ತೆಗೆ 71 ವರ್ಷ, ಮೆಟ್ಟಿಲು ಕಷ್ಟ. ಮೈದುನನ ಮಕ್ಕಳು ಚಿಕ್ಕವರು. ಗೌರಿ ಹಬ್ಬಕ್ಕೆ ಮೂವತ್ತು ಜನ ಸೇರುತ್ತಾರೆ. ಮಗ ಬೆಂಗಳೂರಿನಲ್ಲಿದ್ದಾನೆ, ಮದುವೆಯಾಗಿಲ್ಲ. ನನ್ನ ಸಲಹೆ ಹೀಗೆ: ಸೈಟು ಮಾರಬೇಡಿ. ಮೈದುನನ ಜೊತೆ ಸೇರಿ ಎರಡು ಮಹಡಿ ಕಟ್ಟಿ. ಕೆಳಗೆ ಅತ್ತೆ ಮತ್ತು ನೀವು. ಪೂರ್ವದ ಗೋಡೆಗೆ 6×10ರ ತೆರೆದ ಅಂಗಳ, ಅದರಲ್ಲಿ ತುಳಸಿಕಟ್ಟೆ. ಅತ್ತೆಯ ತೊಟ್ಟಿಯ ಆಸೆ ಅಷ್ಟಕ್ಕೆ ತೀರುತ್ತದೆ. ಮುಂದೆ ಗೇಟಿನ ಪಕ್ಕ ಇಬ್ಬರು ಕೂರುವಷ್ಟು ಜಗಲಿಕಟ್ಟೆ. ಕಾರಿಗೆ ಜಾಗ ಸ್ವಲ್ಪ ಇಕ್ಕಟ್ಟಾಗುತ್ತದೆ, ಆಗಲಿ. ಮಗ ಸದ್ಯಕ್ಕೆ ಬಾಡಿಗೆ ಮನೆಯಲ್ಲೇ ಇರಲಿ. ಅವನ ಸಂಸಾರ ಎಷ್ಟು ದೊಡ್ಡದು ಅಂತ ಗೊತ್ತಾದ ಮೇಲೆ ಫ್ಲ್ಯಾಟ್ ನೋಡಿದರಾಯಿತು.

ಅತ್ತೆ ಇಲ್ಲದೆ ಗಂಡ ಹೆಂಡತಿ, ಇಬ್ಬರು ಮಕ್ಕಳಷ್ಟೇ ಇದ್ದಿದ್ದರೆ ಡ್ಯೂಪ್ಲೆಕ್ಸ್ ಅನ್ನುತ್ತಿದ್ದೆ. ಇಬ್ಬರೇ ಹಿರಿಯರಿದ್ದಿದ್ದರೆ ಫ್ಲ್ಯಾಟ್. ಸೈಟು 40×60 ಇದ್ದು, ಮಾಡು ನೋಡಿಕೊಳ್ಳಲು ಕೈ, ದುಡ್ಡು ಎರಡೂ ಇದ್ದು, ಸೊಸೆಗೂ ಮನಸ್ಸಿದ್ದರೆ ತೊಟ್ಟಿಮನೆ.

ಯಾವುದೇ ಆರಿಸಿಕೊಂಡರೂ ಸೈಟಿದ್ದವರು ಪಾಯ ತೋಡುವ ಹಿಂದಿನ ದಿನ ಇದೊಂದು ಮಾಡಿ. ಮೇಸ್ತ್ರಿಗೆ ಹೇಳಿ ಸೈಟಿನ ಮೇಲೆ ಸುಣ್ಣದಲ್ಲಿ ಪೂರ್ತಿ ಮನೆಯ ಗೆರೆ ಹಾಕಿಸಿ, ಗೋಡೆ, ಬಾಗಿಲು, ಮಂಚ, ಒಲೆ ಎಲ್ಲ. ಮನೆಯವರೆಲ್ಲರನ್ನೂ ಕರೆದುಕೊಂಡು ಹೋಗಿ. ಅಮ್ಮ ಗೆರೆಯ ಬಾಗಿಲಿನಿಂದ ಒಳಗೆ ಬರಲಿ, ಕೋಣೆಯಿಂದ ಬಚ್ಚಲಿಗೆ ನಡೆಯಲಿ, ಒಲೆಯ ಮುಂದೆ ನಿಂತು ತಿರುಗಲಿ. ಮಕ್ಕಳು ಓಡಾಡಲಿ. ಯಾರಾದರೂ “ಇಲ್ಲಿ ಇಕ್ಕಟ್ಟು” ಅಂದರೆ ಅಲ್ಲೇ ಗೆರೆ ಅಳಿಸಿ ಬೇರೆ ಎಳೆಸಿ. ಅವತ್ತು ಅದಕ್ಕೆ ಒಂದು ಬುಟ್ಟಿ ಸುಣ್ಣ ಸಾಕು.